ನಾವು ಆರಿಸಿಕೊಳ್ಳದ ನೆರೆಯವರು

ರಿಚರ್ಡ್ಸ್ ಟೌನ್, ಕುಕ್ ಟೌನ್, ಬೆನ್ಸನ್ ಟೌನ್‌ಗಳಲ್ಲಿ ಇನ್ನೂ ಉಳಿದಿರುವ ಹಳೆಯ ಹೆಂಚಿನ ಮನೆಗಳಲ್ಲಿ ನಡುರಾತ್ರಿ ಅಟ್ಟದ ಮೇಲೆ ಯಾರೋ ನಡೆದಾಡಿದಂತೆ ಸದ್ದಾಗುವುದುಂಟು. ಕೆಲವರು ಅದನ್ನು ಜಿನ್ನ್ ಎಂದರು, ಕೆಲವರು ದೆವ್ವ ಎಂದರು. ತಾಯಿತ ಕಟ್ಟಿಸಿದವರೂ ಇದ್ದಾರೆ, ನಿಂಬೆಹಣ್ಣು ಕೊಯ್ದವರೂ ಇದ್ದಾರೆ. ಧೈರ್ಯ ಮಾಡಿ ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿದವರಿಗೆ ಮಾತ್ರ ಕಂಡದ್ದು ಬೂದುಗಪ್ಪು ಮೈಯ, ಉದ್ದ ಬಾಲದ ಒಂದು ಪ್ರಾಣಿ. ಅದು ಮರಬೆಕ್ಕು. ಹೆಸರಿನಲ್ಲಿ ಬೆಕ್ಕು ಇದ್ದರೂ ಅದು ಬೆಕ್ಕಲ್ಲ, ಪುನುಗಿನ ಬಳಗದ್ದು. ಹಗಲೆಲ್ಲ ಅಟ್ಟದಲ್ಲೋ ಮರದ ಪೊಟರೆಯಲ್ಲೋ ಮಲಗಿದ್ದು ರಾತ್ರಿಯಾದೊಡನೆ ಸಪೋಟ, ಸೀಬೆ, ಬಗನಿ ಹಣ್ಣು ಹುಡುಕಿಕೊಂಡು ಹೊರಡುತ್ತದೆ. ಹುಳುಹುಪ್ಪಟೆ, ಇಲಿ ಸಿಕ್ಕಿದರೆ ಬಿಡುವುದಿಲ್ಲ. ನುಂಗಿದ ಬೀಜಗಳನ್ನು ಎಲ್ಲೆಲ್ಲೋ ಹಾಕಿ, ನಾವು ನೆಡದ ಗಿಡಗಳನ್ನು ಅದು ನೆಡುತ್ತದೆ.

ಮರಬೆಕ್ಕು ಒಂಟಿಯಲ್ಲ. ನಗರದ ಪೂರ್ವ ಭಾಗದ ಯಾವುದೇ ಮನೆಯ ಕಾಂಪೌಂಡಿನೊಳಗೆ ತುಸು ತಾಳ್ಮೆಯಿಂದ ಕೂತು ನೋಡಿದರೆ ಒಂದು ಚಿಕ್ಕ ಮೊಹಲ್ಲಾವೇ ಕಾಣಸಿಗುತ್ತದೆ. ತೆಂಗಿನ ನಾರು ಕಿತ್ತು ಗೂಡು ಕಟ್ಟುವ ಮೂರು ಗೆರೆಯ ಅಳಿಲು. ಗಸಗಸೆ ಹಣ್ಣಿನ ಮರಕ್ಕೆ ಮುಸ್ಸಂಜೆಯಲ್ಲಿ ಬರುವ ಬಾವಲಿ. ಮೋರಿಯ ಅಂಚಿನಲ್ಲಿ ಬಿಲ ತೋಡುವ ಹೆಗ್ಗಣ. ಗೋಡೆಯ ಬುಡ ಹಿಡಿದು ಕಿಚಕಿಚ ಎನ್ನುತ್ತ ಓಡುವ ಸುಂಡಿಲಿ. ಪಕ್ಕದ ಖಾಲಿ ಸೈಟಿನಿಂದ ಬಂದು ಕ್ಷಣಕಾಲ ನಿಂತು ನೋಡಿ ಮಾಯವಾಗುವ ಮುಂಗುಸಿ. ಹಲಸೂರು ಕೆರೆಯ ಸುತ್ತಲಿನ ಸೇನೆಯ ಜಾಗಗಳು, ರೈಲು ಹಳಿಯ ಇಕ್ಕೆಲಗಳು, ಬೆನ್ಸನ್ ಟೌನ್ ಬಳಿಯ ಖುದ್ದೂಸ್ ಸಾಹೇಬ್ ಈದ್ಗಾ ಮತ್ತು ಖಬರಸ್ತಾನ, ಕಲ್ಪಳ್ಳಿಯ ಸಮಾಧಿಗಳು, ಕೆ.ಆರ್. ಪುರದ ಕಡೆ ಅಳಿದುಳಿದ ಕೆರೆಯಂಗಳಗಳು ಇಂಥ ಪ್ರಾಣಿಗಳಿಗೆ ತವರು. ಅಲ್ಲಿಂದ ನಮ್ಮ ಹಿತ್ತಿಲಿಗೆ ಕೊಂಬೆಯಿಂದ ಕೊಂಬೆಗೆ, ಚರಂಡಿಯಿಂದ ಚರಂಡಿಗೆ ಅವುಗಳ ದಾರಿಯಿದೆ.

ಕಂಟೋನ್ಮೆಂಟಿನ ಭಾಷೆಗಳಲ್ಲೂ ಇವು ವಾಸವಾಗಿವೆ. ಸುಂಡಿಲಿ ಉರ್ದು ಮನೆಗಳಲ್ಲಿ ಛಛುಂದರ್, ಹೆಗ್ಗಣ ಘೂಸ್. ಅದೇ ಹೆಗ್ಗಣ ಹಲಸೂರಿನ ತಮಿಳು ಮನೆಗಳಲ್ಲಿ ಪೆರುಚ್ಚಾಳಿ. ತೆಲುಗರು ಅದನ್ನು ಹಂದಿಯಿಲಿ ಎಂಬ ಅರ್ಥದಲ್ಲಿ ಪಂದಿಕೊಕ್ಕು ಎಂದರು, ಇಂಗ್ಲಿಷರು ಆ ಮಾತನ್ನೇ ತಿರುಚಿ ಬ್ಯಾಂಡಿಕೂಟ್ ಮಾಡಿಕೊಂಡರು. ಇಂಗ್ಲಿಷಿನ ಮಂಗೂಸ್ ಕೂಡ ನಮ್ಮ ಕಡೆಯ ಭಾಷೆಗಳಿಂದ ಹೋದ ಪದವೇ. ಇಷ್ಟು ಭಾಷೆಗಳಲ್ಲಿ ಹೆಸರು ಪಡೆದ ಜೀವಿಗಳನ್ನು ಹೊರಗಿನವು ಎನ್ನುವುದು ಕಷ್ಟ. ಆದರೂ ಕಂಡೊಡನೆ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ, ‘ಇದು ಇಲ್ಲಿಗೆ ಹೇಗೆ ಬಂತು?’ ಎಂಬುದೇ. ಎರಡನೆಯದು, ‘ಇದನ್ನು ಓಡಿಸುವುದು ಹೇಗೆ?’

ಈ ಎರಡು ಪ್ರಶ್ನೆಗಳ ನಡುವೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಾವು ಸಾಕದ, ನಾವು ಕರೆಯದ, ನಮಗೆ ಹೆಚ್ಚು ಉಪಯೋಗವೂ ಇಲ್ಲದ, ಆದರೆ ನಮ್ಮ ಗೋಡೆಯ ಪಕ್ಕದಲ್ಲೇ ಬದುಕುವ ಜೀವಿಗೆ ನಮ್ಮ ಮೇಲೆ ಏನಾದರೂ ಹಕ್ಕಿದೆಯೇ?

ಸಾಕಿದ ಪ್ರಾಣಿಗಳ ವಿಷಯದಲ್ಲಿ ಉತ್ತರ ಸುಲಭ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದ ಪ್ರಸಂಗವನ್ನು ಪ್ರವಾದಿ(ಸ) ಹೇಳಿದ್ದನ್ನು ನಮ್ಮ ಮಕ್ಕಳು ಮದ್ರಸದಲ್ಲೇ ಕಲಿಯುತ್ತಾರೆ. 13ನೇ ಶತಮಾನದ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದಿಸ್ಸಲಾಮ್, ಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನು ಪಟ್ಟಿಯನ್ನೇ ಮಾಡಿಟ್ಟರು. ಮುದಿಯಾಗಿ ಕೆಲಸಕ್ಕೆ ಬಾರದಿದ್ದರೂ ಅದಕ್ಕೆ ಮೇವು ಹಾಕಬೇಕು, ತಾಳಲಾರದ ಭಾರ ಹೊರಿಸಬಾರದು, ಅದರ ಕಣ್ಣೆದುರು ಅದರ ಮರಿಯನ್ನು ಕೊಯ್ಯಬಾರದು ಎಂಬಂಥ ಮಾತುಗಳು ಅದರಲ್ಲಿವೆ. ಆದರೆ ಆ ಹೊಣೆಗಳ ಹಿಂದೆ ಒಡೆತನವಿದೆ. ಯಾರೂ ಒಡೆಯರಲ್ಲದ ಹೆಗ್ಗಣದ ಮಾತೇನು?

ಸಾಮಾನ್ಯವಾಗಿ ನಾವು ಈ ಪ್ರಶ್ನೆಯನ್ನು ಇಷ್ಟಾನಿಷ್ಟದ ಮೇಲೆ ತೀರ್ಮಾನಿಸುತ್ತೇವೆ. ಅಳಿಲು ಮತ್ತು ಇಲಿ ಎರಡೂ ದಂಶಕಗಳು. ಎರಡಕ್ಕೂ ಬೆಳೆಯುತ್ತಲೇ ಇರುವ ಮುಂಹಲ್ಲು, ಎರಡಕ್ಕೂ ಕಡಿಯುವ ಚಪಲ. ಅಳಿಲೂ ಕೇಬಲ್ ಕಡಿಯುತ್ತದೆ, ಮೀಟರ್ ಬೋರ್ಡಿನೊಳಗೆ ಗೂಡು ಕಟ್ಟುತ್ತದೆ. ಆದರೆ ಅಳಿಲಿಗೆ ಪೊದೆಯಂಥ ಬಾಲವಿದೆ, ಶ್ರೀರಾಮ ಬೆನ್ನು ಸವರಿದ ಕಥೆಯಿದೆ. ಅದಕ್ಕೆ ಕಡಲೆಕಾಯಿ ಸಿಗುತ್ತದೆ, ಇಲಿಗೆ ಪಾಷಾಣ ಸಿಗುತ್ತದೆ. ಒಂದು ಒಳ್ಳೆಯ ಕಥೆ ಒಂದು ಜೀವವನ್ನು ಹೇಗೆ ಕಾಪಾಡಬಲ್ಲದು ಎಂಬುದಕ್ಕೆ ಅಳಿಲೇ ಸಾಕ್ಷಿ.

ಕಥೆಯಿಲ್ಲದವರ ಪಾಡು ಏನೆಂದು ತಿಳಿಯಲು ಸುಂಡಿಲಿಯನ್ನು ನೋಡಬೇಕು. ಹೆಸರಿನಲ್ಲಿ ಇಲಿ ಎಂದಿದ್ದರೂ ಅದು ಇಲಿಯ ಜಾತಿಯದೇ ಅಲ್ಲ, ಕೀಟಾಹಾರಿ. ಚೂಪು ಮೂತಿ, ಚಿಕ್ಕ ಕಣ್ಣು, ಕಸ್ತೂರಿಯಂಥ ಗಾಟು ವಾಸನೆ. ಅದು ಮನೆಗೆ ಬರುವುದು ಮುಖ್ಯವಾಗಿ ನಮ್ಮ ಜಿರಳೆಗಳಿಗಾಗಿ. ತಾಯಿ ಸುಂಡಿಲಿ ಮರಿಗಳನ್ನು ಕರೆದುಕೊಂಡು ಹೊರಟರೆ ಮೊದಲ ಮರಿ ತಾಯಿಯನ್ನೂ ಎರಡನೆಯದು ಮೊದಲನೆಯದನ್ನೂ ಬಾಲದ ಬುಡದಲ್ಲಿ ಕಚ್ಚಿ ಹಿಡಿದು ರೈಲಿನಂತೆ ಸಾಲಾಗಿ ಸಾಗುತ್ತವೆ. ಅದರ ಸದ್ದು ನಾಣ್ಯ ಎಣಿಸಿದಂತೆ ಕೇಳುತ್ತದೆಂದು ಚೀನಾದ ಜನ ಅದನ್ನು ಹಣದ ಇಲಿ ಎಂದು ಕರೆದರು. ನಮ್ಮಲ್ಲಿ ಅದು ಸಾಯುವುದು ಇಲಿಯೆಂಬ ತಪ್ಪು ಗುರುತಿನಿಂದ. ಜಿರಳೆ ತಿಂದು ಉಪಕಾರ ಮಾಡುವುದನ್ನು ಕೊಂದು, ಆಮೇಲೆ ಜಿರಳೆಗೆಂದು ಔಷಧ ತರುತ್ತೇವೆ.

ಇಷ್ಟು ಹೇಳಿದ ಮೇಲೆ ಇಲಿಯ ಕಡೆಯ ಮಾತನ್ನಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. ಈ ಪ್ರದೇಶದ ಚರಿತ್ರೆಯಲ್ಲೇ ಇಲಿಯ ಭಯ ಸೇರಿಹೋಗಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲೂ ಕಂಟೋನ್ಮೆಂಟಿನಲ್ಲೂ ಜನ ಹುಳುಗಳಂತೆ ಸತ್ತರು, ಉಳಿದವರು ಮನೆ ಬಿಟ್ಟು ಓಡಿದರು. ಊರಲ್ಲಿ ಪ್ಲೇಗಮ್ಮನ ಗುಡಿಗಳೆದ್ದವು. ಕಂಟೋನ್ಮೆಂಟಿನ ಕಿಕ್ಕಿರಿದ ಓಣಿಗಳಿಂದ ಜನರನ್ನು ಹೊರತರಲು 1906ರ ಸುಮಾರಿಗೆ ರೂಪುಗೊಂಡ ಬಡಾವಣೆಯೇ ಫ್ರೇಜರ್ ಟೌನ್, ಈಗಿನ ಪುಲಕೇಶಿನಗರ. ಅದರ ವಿನ್ಯಾಸಕಾರ ಜೆ.ಎಚ್. ಸ್ಟೀಫನ್ಸ್ ಇಲಿ ನುಸುಳದಂಥ, ಪ್ಲೇಗ್ ತಡೆಯುವಂಥ ಮನೆಗಳ ಬಗೆಗೇ ಪುಸ್ತಕ ಬರೆದರು. ಅಂದರೆ ಇಂದು ರಂಜಾನ್ ರಾತ್ರಿಗಳಲ್ಲಿ ಜನ ತುಂಬಿ ತುಳುಕುವ ಆ ರಸ್ತೆಗಳನ್ನು ಹಾಕಿದ್ದರ ಹಿಂದೆ ಇಲಿಯ ಹೆದರಿಕೆಯಿತ್ತು.

ಆದರೆ ಅದೇ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. 1898ರಲ್ಲೇ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ, ಪ್ಲೇಗ್ ಇಲಿಯಿಂದ ಇಲಿಗೆ ದಾಟುವುದು ಚಿಗಟದ ಮೂಲಕ ಎಂದು ಪ್ರಯೋಗದಿಂದ ತೋರಿಸಿದ. ಪ್ಲೇಗಿಗೆ ಮೊದಲು ಬಲಿಯಾಗುವುದು ಇಲಿಯೇ. ಅದು ಸತ್ತ ಮೇಲೆ ಹಸಿದ ಚಿಗಟ ಮನುಷ್ಯನಿಗೆ ಹತ್ತುತ್ತದೆ. ನಮ್ಮ ಹಿರಿಯರು ಇದನ್ನು ವಿಜ್ಞಾನಕ್ಕೆ ಮೊದಲೇ ಅನುಭವದಿಂದ ಬಲ್ಲವರಾಗಿದ್ದರು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಅಗ್ರಹಾರದ ಮನೆಗಳಲ್ಲಿ ಇಲಿಗಳು ಬಿದ್ದು ಸಾಯುವುದನ್ನು ಓದಿದವರು ಮರೆಯಲಾರರು. ಇಲಿ ನಮಗೆ ರೋಗ ತಂದದ್ದೂ ನಿಜ, ನಮಗಿಂತ ಮೊದಲು ಅದೇ ರೋಗದಿಂದ ಸತ್ತು ಎಚ್ಚರಿಸಿದ್ದೂ ನಿಜ.

ಅಪಾಯ ಇಂದಿಗೂ ಹೋಗಿಲ್ಲ. ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಅದಕ್ಕೆ ಮೊದಲು ತುತ್ತಾಗುವವರು ಬರಿಗಾಲಲ್ಲಿ ಚರಂಡಿಗೆ ಇಳಿಯುವವರು. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇಂದಿರಾನಗರದಲ್ಲಿ ಹಿತ್ತಿಲು ಇರುವವರಿಗೆ ಮುಂಗುಸಿಯನ್ನು ಪ್ರೀತಿಸುವುದು ಸುಲಭ. ಶಿವಾಜಿನಗರದ ಗಲ್ಲಿಯಲ್ಲಿ ತಗಡಿನ ಸೂರಿನ ಕೆಳಗೆ ಹಸುಗೂಸನ್ನು ನೆಲದ ಮೇಲೆ ಮಲಗಿಸುವ ತಾಯಿಗೆ ಹೆಗ್ಗಣದ ಹಕ್ಕಿನ ಬಗ್ಗೆ ಉಪದೇಶ ಮಾಡಲು ನಮಗೆ ಅಧಿಕಾರವಿಲ್ಲ. ಪ್ರಾಣಿದಯೆಯ ಖರ್ಚನ್ನು ಬಡವರ ಲೆಕ್ಕಕ್ಕೆ ಬರೆದು ಪುಣ್ಯವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ದಯೆಯಲ್ಲ.

ಇಸ್ಲಾಮಿನ ಬೋಧನೆ ಈ ವಿಷಯದಲ್ಲಿ ಭಾವುಕವಾಗಿಲ್ಲ ಎಂಬುದು ಗಮನಿಸತಕ್ಕದ್ದು. ಇಹ್ರಾಮಿನಲ್ಲಿರುವ ಹಜ್ ಯಾತ್ರಿಕನಿಗೆ ಬೇಟೆ ನಿಷಿದ್ಧ. ಆ ಸ್ಥಿತಿಯಲ್ಲೂ ಕೊಲ್ಲಲು ಅನುಮತಿಯಿರುವ ಐದು ಜೀವಿಗಳಲ್ಲಿ ಚೇಳು, ಹುಚ್ಚುನಾಯಿಗಳ ಜೊತೆ ಇಲಿಯೂ ಸೇರಿದೆ. ಹಾನಿಯನ್ನು ತಡೆಯುವ ಹಕ್ಕು ಮನುಷ್ಯನಿಗಿದೆ. ಇದನ್ನು ಮರೆಮಾಚಿ ಸಿಹಿಮಾತು ಆಡುವುದರಿಂದ ಪ್ರಯೋಜನವಿಲ್ಲ. ಆದರೆ ಅನುಮತಿ ಎಂದರೆ ಎಲ್ಲೆಯಿಲ್ಲದ್ದು ಎಂದಲ್ಲ. ಕೊಲ್ಲಲೇಬೇಕಾದಾಗಲೂ ಒಳ್ಳೆಯ ರೀತಿಯಲ್ಲಿ, ನೋವು ಕಡಿಮೆಯಾಗುವಂತೆ ಕೊಲ್ಲಬೇಕೆಂಬುದು ಪ್ರವಾದಿಯವರ(ಸ) ಆದೇಶ. ಎಲ್ಲ ಕೆಲಸದಲ್ಲೂ ಇಹ್ಸಾನ್, ಅಂದರೆ ಒಳಿತನದ ನಡೆ, ಕಡ್ಡಾಯ ಎಂದು ಹೇಳುವ ಹದೀಸಿನಲ್ಲೇ ಈ ಮಾತು ಬರುತ್ತದೆ.

ಈ ಅಳತೆಗೋಲು ಹಿಡಿದು ನಮ್ಮ ಅಂಗಡಿಗಳಲ್ಲಿ ಸಿಗುವ ಉಪಾಯಗಳನ್ನು ನೋಡಿ. ಇಲಿ ಹಿಡಿಯುವ ಅಂಟಿನ ರಟ್ಟು ಇದೆ. ಅದಕ್ಕೆ ಸಿಕ್ಕಿದ ಜೀವಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒದ್ದಾಡಿ, ಚರ್ಮ ಕಿತ್ತುಕೊಂಡು ಸಾಯುತ್ತದೆ. ಅಂಟಿಗೆ ಇಲಿ, ಸುಂಡಿಲಿ, ಅಳಿಲಿನ ಮರಿ, ಗುಬ್ಬಿ ಎಂಬ ಭೇದ ಗೊತ್ತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದರ ಬಳಕೆ ನಿಲ್ಲಿಸುವಂತೆ ರಾಜ್ಯಗಳಿಗೆ ಸೂಚಿಸಿದೆ. ಪ್ರಾಣಿಗಳಿಗೆ ಅನಗತ್ಯ ಹಿಂಸೆ ಕೊಡುವುದು 1960ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಇನ್ನು ಪಾಷಾಣ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಹಲವು ದಿನ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಆ ಅವಧಿಯಲ್ಲಿ ನಿಧಾನವಾಗಿ ಓಡಾಡುವ ಅದನ್ನು ಹಿಡಿದು ತಿಂದ ಗೂಬೆಗೂ ಮುಂಗುಸಿಗೂ ಬೀದಿಬೆಕ್ಕಿಗೂ ವಿಷ ಏರುತ್ತದೆ. ಇಲಿಯನ್ನು ತಿಂದು ಕಡಿಮೆ ಮಾಡುವವರನ್ನೇ ಕೊಂದ ಮೇಲೆ ಮರುವರ್ಷ ಇಲಿಗಳೇ ಹೆಚ್ಚುತ್ತವೆ. ಹಳದಿ ರಂಜಕದ ಪೇಸ್ಟಂತೂ ಇಲಿಗಿಂತ ಮನುಷ್ಯರಿಗೆ ಹೆಚ್ಚು ಅಪಾಯಕಾರಿ. ಅರಿಯದೆ ಅದನ್ನು ಬಾಯಿಗೆ ಹಾಕಿಕೊಂಡು ಸತ್ತ ಮಕ್ಕಳಿದ್ದಾರೆ.

ಮೂರನೆಯ ಉಪಾಯ ಒಳ್ಳೆಯವರದ್ದು. ಕೊಲ್ಲಲು ಮನಸ್ಸು ಬಾರದವರು ಬೋನು ಇಟ್ಟು ಹಿಡಿದು, ಬೆಳಗಿನ ವಾಕಿಂಗ್ ಹೊತ್ತಿಗೆ ಎರಡು ರಸ್ತೆಯಾಚೆಯೋ ಕೆರೆಯ ಏರಿಯ ಮೇಲೋ ಬಿಟ್ಟು ಬರುತ್ತಾರೆ. ಕೈಗೆ ರಕ್ತ ಅಂಟಲಿಲ್ಲ ಎಂಬ ಸಮಾಧಾನ. ಆದರೆ ಎರಡು ರಸ್ತೆಯಾಚೆ ಇರುವುದೂ ಒಬ್ಬರ ಮನೆಯೇ. ಆ ಪ್ರಾಣಿಗೆ ಅದು ಗುರುತಿಲ್ಲದ ಊರು. ಅಲ್ಲಿನ ಪ್ರಾಣಿಗಳು ಅದನ್ನು ಕಡಿದು ಓಡಿಸುತ್ತವೆ. ಹಿಡಿದದ್ದು ತಾಯಿಯಾಗಿದ್ದರೆ ನಮ್ಮ ಅಟ್ಟದಲ್ಲಿ ಮರಿಗಳು ಹಸಿದು ಸಾಯುತ್ತವೆ. ಹೀಗೆ ಮಾಡುವುದರಿಂದ ಕಷ್ಟ ಪರಿಹಾರವಾಗಲಿಲ್ಲ, ವರ್ಗಾವಣೆಯಾಯಿತು ಅಷ್ಟೆ. ನಗರದಲ್ಲಿ ನಾವು ಕಸವನ್ನೂ ಹೀಗೆಯೇ ಮಾಡುತ್ತೇವೆ. ನಮ್ಮ ಗೇಟಿನ ಮುಂದಿನಿಂದ ಹೋದರೆ ಸಾಕು, ಯಾರ ಗೇಟಿನ ಮುಂದೆ ಬಿತ್ತು ಎಂಬುದು ನಮ್ಮ ಚಿಂತೆಯಲ್ಲ.

ಕಸದ ಮಾತು ಬಂದದ್ದು ಆಕಸ್ಮಿಕವಲ್ಲ. ಹೆಗ್ಗಣ ಎಲ್ಲಿ ಹೆಚ್ಚಿದೆ? ರಸೆಲ್ ಮಾರುಕಟ್ಟೆಯ ಹಿಂದೆ ಕೊಳೆತ ಹಣ್ಣು, ಮೀನಿನ ತ್ಯಾಜ್ಯ ಬೀಳುವಲ್ಲಿ. ಇಂದಿರಾನಗರದ ನೂರಡಿ ರಸ್ತೆಯ ಹೋಟೆಲುಗಳ ಹಿಂಬಾಗಿಲಲ್ಲಿ. ಶಾದಿಮಹಲುಗಳ ಪಕ್ಕದ ಮೋರಿಯಲ್ಲಿ. ಅರ್ಧ ತಿಂದು ಎಸೆದ ಬಿರಿಯಾನಿಯ ಮೇಲೆ ಬೆಳೆದ ಹೆಗ್ಗಣ ನಮ್ಮ ದುಂದುವೆಚ್ಚದ ಕೂಸು. ಅಪವ್ಯಯ ಮಾಡುವವರನ್ನು ಕುರ್‌ಆನ್ ಶೈತಾನನ ಸಹೋದರರೆಂದು ಕರೆದಿದೆ. ಹಂಚದೆ ಚೆಲ್ಲಿದ ಅನ್ನದ ಪಾಪಕ್ಕೆ ಹೆಗ್ಗಣಕ್ಕೆ ವಿಷ ಹಾಕಿ ಪ್ರಾಯಶ್ಚಿತ್ತ ಮಾಡಿಕೊಳ್ಳಲಾಗದು. ಶಿವಾಜಿನಗರದ ಆ ತಾಯಿಗೆ ಬೇಕಾದದ್ದೂ ಪಾಷಾಣದ ಪೊಟ್ಟಣವಲ್ಲ. ದಿನವೂ ಎತ್ತುವ ಕಸ, ಮುಚ್ಚಿದ ಚರಂಡಿ, ಗಟ್ಟಿ ನೆಲ ಅವಳಿಗೆ ಬೇಕು.

ಮೂಲ ಪ್ರಶ್ನೆಗೆ ಬರೋಣ. ಒಬ್ಬ ಪ್ರವಾದಿಗೆ ಇರುವೆಯೊಂದು ಕಚ್ಚಿತು, ಅವರು ಇರುವೆಗಳ ಇಡೀ ಗೂಡನ್ನೇ ಸುಡಿಸಿದರು ಎಂಬ ಹದೀಸನ್ನು ಅನೇಕರು ಕೇಳಿರಬಹುದು. ಕಚ್ಚಿದ್ದು ಒಂದು, ಆದರೆ ನಾಶವಾದದ್ದು ದೇವರನ್ನು ಸ್ತುತಿಸುವ ಒಂದು ಸಮುದಾಯ ಎಂದು ಅಲ್ಲಾಹನು ಅವರನ್ನು ಆಕ್ಷೇಪಿಸಿದನು. ಇಲ್ಲಿ ಕಚ್ಚಿದ ಇರುವೆಯನ್ನು ಕೊಲ್ಲಬಾರದಿತ್ತು ಎನ್ನುವುದಕ್ಕಿಂತ, ಒಂದರ ತಪ್ಪಿಗೆ ಇಡೀ ಕುಲ ಹೊಣೆಯಲ್ಲ ಎಂಬುದು ಮುಖ್ಯ. ಭೂಮಿಯ ಮೇಲೆ ಚಲಿಸುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಆಶಯದ ಮಾತು ಕುರ್‌ಆನಿನ ಆರನೇ ಅಧ್ಯಾಯದಲ್ಲಿದೆ. ಸಮುದಾಯ ಎಂದ ಮೇಲೆ ಅದಕ್ಕೆ ನಮ್ಮ ಉಪಯೋಗವನ್ನು ಮೀರಿದ ಬದುಕಿದೆ ಎಂದಾಯಿತು.

ಕಾನೂನು ಕೂಡ ಇದನ್ನು ನಿಧಾನವಾಗಿ ಕಲಿತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ, ಹೆಗ್ಗಣಗಳನ್ನು ಉಪದ್ರವಿಗಳೆಂದು ಸೇರಿಸಲಾಗಿತ್ತು. ಅರ್ಧ ಶತಮಾನದ ನಂತರ, 2022ರ ತಿದ್ದುಪಡಿಯಲ್ಲಿ ಆ ಶಾಶ್ವತ ಪಟ್ಟಿಯನ್ನೇ ತೆಗೆದುಹಾಕಲಾಯಿತು. ಈಗ ಯಾವುದಾದರೂ ಪ್ರಾಣಿಯನ್ನು ಉಪದ್ರವಿ ಎನ್ನಬೇಕಾದರೆ ಸರ್ಕಾರ ಇಂಥ ಪ್ರದೇಶಕ್ಕೆ, ಇಷ್ಟು ಅವಧಿಗೆ ಎಂದು ಹೇಳಿ ಅಧಿಸೂಚನೆ ಹೊರಡಿಸಬೇಕು. ಇದರ ಹಿಂದೆ ಒಂದು ಸತ್ಯವಿದೆ. ಉಪದ್ರವ ಒಂದು ಜಾತಿಯ ಹುಟ್ಟುಗುಣವಲ್ಲ. ಒಂದು ಸ್ಥಳದಲ್ಲಿ, ಒಂದು ಕಾಲದಲ್ಲಿ ಇಬ್ಬರ ನಡುವೆ ಏರ್ಪಡುವ ಸಂಬಂಧ ಅದು. ಅಕ್ಕಿಮೂಟೆಯಲ್ಲಿರುವ ಇಲಿ ಉಪದ್ರವಿ. ಕೆ.ಆರ್. ಪುರದ ಕೆರೆದಂಡೆಯಲ್ಲಿರುವ ಇಲಿ ಗೂಬೆಯ ಊಟ.

ಇದು ಬರಿಯ ಪ್ರಾಣಿಗಳ ಪ್ರಶ್ನೆಯಲ್ಲ. ಹುಟ್ಟಿನಿಂದಲೇ ಒಂದು ಗುಂಪು ಉಪದ್ರವಿ ಎನ್ನುವ ಯೋಚನಾಕ್ರಮ ಮೊದಲು ಪ್ರಾಣಿಗಳ ಮೇಲೆ ಅಭ್ಯಾಸವಾಗುತ್ತದೆ, ಆಮೇಲೆ ಮನುಷ್ಯರ ಮೇಲೆ ಪ್ರಯೋಗವಾಗುತ್ತದೆ. 1940ರಲ್ಲಿ ನಾಜಿಗಳು ಮಾಡಿದ ಚಲನಚಿತ್ರದಲ್ಲಿ ಯಹೂದಿಗಳನ್ನು ಇಲಿಗಳ ಹಿಂಡಿಗೆ ಹೋಲಿಸಲಾಯಿತು. 1994ರ ರುವಾಂಡಾದಲ್ಲಿ ತುತ್ಸಿಗಳನ್ನು ಜಿರಳೆಗಳೆಂದು ರೇಡಿಯೋದಲ್ಲಿ ಕರೆದರು. ನಮ್ಮ ದೇಶದ ಚುನಾವಣಾ ಭಾಷಣಗಳಲ್ಲೂ ಗೆದ್ದಲು ಎಂಬ ಪದ ಕೇಳಿಬಂದಿದೆ. ಹೆಸರು ಹೇಳಿದೊಡನೆ ‘ಮನೆ ಬಾಡಿಗೆಗಿಲ್ಲ’ ಎಂಬ ಉತ್ತರ ಕೇಳಿದ ಅನುಭವ ಈ ನಗರದ ಎಷ್ಟೋ ಜನರಿಗಿದೆ. ಯಾರು, ಏನು ಮಾಡಿದರು ಎಂದು ಕೇಳದೆ, ಯಾವ ಕುಲ ಎಂದಷ್ಟೇ ಕೇಳಿ ತೀರ್ಪು ಕೊಡುವುದರ ನೋವನ್ನು ಬಲ್ಲವರು ಅದೇ ತರ್ಕವನ್ನು ಹಿತ್ತಿಲಲ್ಲಿ ಬಳಸುವಾಗ ಒಂದು ಕ್ಷಣ ತಡೆಯಬೇಕಲ್ಲವೇ?

ಹಾಗಾದರೆ ಈ ಜೀವಿಗಳನ್ನು ಏನೆಂದು ಕರೆಯೋಣ? ಅತಿಥಿ ಎನ್ನಲಾಗದು, ಅತಿಥಿಯನ್ನು ನಾವು ಕರೆದಿರುತ್ತೇವೆ. ಸಾಕುಪ್ರಾಣಿಯಲ್ಲ, ಶತ್ರುವೂ ಅಲ್ಲ. ಅಬೂ ಕತಾದ(ರ) ಎಂಬ ಸಹಾಬಿ ವುಝೂವಿನ ನೀರಿಗೆ ಬಾಯಿಟ್ಟ ಬೆಕ್ಕಿಗೆ ಪಾತ್ರೆಯನ್ನು ಬಾಗಿಸಿ ಕುಡಿಸಿದರು. ನೋಡುತ್ತಿದ್ದ ಮನೆಯಾಕೆ ಅಚ್ಚರಿಪಟ್ಟಾಗ, ಬೆಕ್ಕು ನಿಮ್ಮ ಸುತ್ತ ಸುಳಿದಾಡುವವರಲ್ಲಿ ಒಂದು ಎಂದು ಪ್ರವಾದಿ(ಸ) ಹೇಳಿದ್ದನ್ನು ನೆನಪಿಸಿದರು. ಸುತ್ತ ಸುಳಿದಾಡುವವರು ಎಂಬ ಗುರುತಿನಲ್ಲಿ ಒಡೆತನವಿಲ್ಲ, ಪ್ರಯೋಜನದ ಲೆಕ್ಕವಿಲ್ಲ. ಸಾಮೀಪ್ಯವಷ್ಟೇ ಇದೆ. ಆ ಮಾತು ಬೆಕ್ಕಿನ ಬಗ್ಗೆ ಬಂದದ್ದು, ಮರಬೆಕ್ಕಿಗೋ ಸುಂಡಿಲಿಗೋ ಅದೇ ವಿಧಿ ಎಂದು ಫತ್ವಾ ಕೊಡುವುದು ಈ ಲೇಖನದ ಕೆಲಸವಲ್ಲ. ಆದರೆ ಸಾಮೀಪ್ಯವೇ ಒಂದು ಹಕ್ಕನ್ನು ಹುಟ್ಟಿಸಬಲ್ಲದು ಎಂಬ ದಾರಿಯನ್ನು ಅದು ತೋರಿಸುತ್ತದೆ. ನೆರೆಯವರ ಹಕ್ಕು ಎಂದು ನಾವು ಕರೆಯುವುದು ಇದನ್ನೇ. ನೆರೆಯವರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಇಷ್ಟವಾದವರ ಜೊತೆ ಚೆನ್ನಾಗಿರುವುದಕ್ಕೆ ಧರ್ಮದ ಆದೇಶ ಬೇಕಿಲ್ಲ. ಇಷ್ಟ ಮುಗಿಯುವಲ್ಲಿಂದ ನೆರೆಯವರ ಹಕ್ಕು ಶುರುವಾಗುತ್ತದೆ.

10ನೇ ಶತಮಾನದ ಬಸ್ರಾದಲ್ಲಿ ಇಖ್ವಾನುಸ್ಸಫಾ ಎಂಬ ಚಿಂತಕರ ಕೂಟ ಒಂದು ಕಥೆ ಬರೆಯಿತು. ಪ್ರಾಣಿಗಳು ಮನುಷ್ಯರ ಮೇಲೆ ಜಿನ್ನ್‌ಗಳ ರಾಜನ ಮುಂದೆ ದಾವೆ ಹೂಡುತ್ತವೆ. ನಾವು ನಿಮ್ಮ ಒಡೆಯರು ಎನ್ನಲು ಮನುಷ್ಯರು ಕೊಡುವ ರೂಪ, ಬುದ್ಧಿ, ಕುಶಲತೆಯ ವಾದಗಳೆಲ್ಲ ಒಂದೊಂದಾಗಿ ಬೀಳುತ್ತವೆ. ಕೊನೆಗೆ ನಿಲ್ಲುವುದು ಪರಲೋಕದ ವಾದವೊಂದೇ. ಆದರೆ ಪರಲೋಕ ಎಂದರೆ ಲೆಕ್ಕ ಕೊಡುವುದೂ ಹೌದು. ಕನ್ನಡದಲ್ಲಿ ಜನ್ನ ಕವಿ 13ನೇ ಶತಮಾನದ ‘ಯಶೋಧರ ಚರಿತೆ’ಯಲ್ಲಿ ಇನ್ನೂ ಸೂಕ್ಷ್ಮವಾದ ಲೆಕ್ಕವಿಟ್ಟ. ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ, ಆದರೂ ಕೊಲ್ಲುವ ಸಂಕಲ್ಪ ಇತ್ತಲ್ಲ ಎಂದು ತಾಯಿಯೂ ಮಗನೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಅಲೆಯಬೇಕಾಯಿತು. ಜೈನರ ಸಂಕಲ್ಪಹಿಂಸೆ, ನಮ್ಮ ನಿಯ್ಯತ್ತು, ಇವೆರಡೂ ಬೇರೆ ಬೇರೆ ಬೇರಿನವಾದರೂ ಕೈ ಏನು ಮಾಡಿತು ಎನ್ನುವುದರ ಜೊತೆ ಮನಸ್ಸು ಏನು ಬಯಸಿತು ಎಂದೂ ಕೇಳುತ್ತವೆ.

ಆಚರಣೆಯಲ್ಲಿ ಇದೆಲ್ಲ ದೊಡ್ಡ ತ್ಯಾಗವನ್ನೇನೂ ಕೇಳುವುದಿಲ್ಲ. ಅಡುಗೆಮನೆಯಲ್ಲಿ ಕಾಳುಕಡ್ಡಿಗೆ ಗಟ್ಟಿ ಮುಚ್ಚಳದ ಡಬ್ಬಿ, ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ, ಹೊರಗೆ ಮುಚ್ಚಿದ ಕಸದ ಬುಟ್ಟಿ ಇದ್ದರೆ ಇಲಿಯ ಕಾಟ ಬಹುಪಾಲು ಇಳಿಯುತ್ತದೆ. ಅಟ್ಟದಲ್ಲಿ ಮರಬೆಕ್ಕು ಮರಿ ಹಾಕಿದ್ದರೆ ಮರಿಗಳು ದೊಡ್ಡವಾಗಿ ಹೊರಡುವ ತನಕ ಕಾದು, ಆಮೇಲೆ ಹೆಂಚಿನ ಕಿಂಡಿ ಮುಚ್ಚಬಹುದು. ಗಾಯಗೊಂಡ ಪ್ರಾಣಿ ಸಿಕ್ಕಿದರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಮುಂಗುಸಿಯನ್ನು ಹಿಡಿಯುವುದು, ಅದರ ಕೂದಲಿನ ಬ್ರಷ್ ಮಾರುವುದು ಅಪರಾಧ ಎಂಬುದನ್ನು ಚಿತ್ರ ಬರೆಯುವ ಮಕ್ಕಳಿಗೆ ಹೇಳಿಕೊಡಬಹುದು. ಸಪೋಟ ಮರದ ತುದಿಯ ಹಣ್ಣು ನಮ್ಮ ಕೈಗೆ ಎಟುಕುವುದಿಲ್ಲ, ಅದು ಬಾವಲಿಗಿರಲಿ. ಆದರೆ ಬಾವಲಿ ಕಚ್ಚಿದ ಹಣ್ಣನ್ನು ನಾವು ತಿನ್ನದಿರೋಣ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ವೈದ್ಯರು ಹೇಳಿದ್ದು ಅಷ್ಟೇ. ಬಾವಲಿಗಳಿವೆಯೆಂದು ಮರ ಕಡಿಯಿರಿ ಎಂದು ಅವರು ಹೇಳಿರಲಿಲ್ಲ.

ನೆರೆಯವನಿಗೆ ಯಾರ ಕಿರುಕುಳದಿಂದ ರಕ್ಷಣೆಯಿಲ್ಲವೋ ಅವನು ವಿಶ್ವಾಸಿಯಲ್ಲ ಎಂಬ ಅರ್ಥದ ಹದೀಸನ್ನು ನಾವು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದರಲ್ಲಿ ಕೇಳಿರುವುದು ನೆರೆಯವನಿಂದ ನಮಗೇನು ತೊಂದರೆ ಎಂದಲ್ಲ, ನಮ್ಮಿಂದ ಅವನು ಸುರಕ್ಷಿತನೇ ಎಂದು. ನಮ್ಮ ಹಿತ್ತಿಲಿನ ಬಗ್ಗೆಯೂ ಇದೇ ಪ್ರಶ್ನೆಯನ್ನು ಕೇಳಿಕೊಂಡರೆ, ಈ ರಾತ್ರಿ ಬಾಗಿಲು ಹಾಕಿ ಮಲಗುವ ಮುಂಚೆ ಅಂಟಿನ ರಟ್ಟನ್ನು ಎತ್ತಿ ಬಿಸಾಡಿ ಕಸದ ಬುಟ್ಟಿಗೆ ಮುಚ್ಚಳ ಹಾಕುವಷ್ಟಾದರೂ ಕೆಲಸ ನಮಗೆ ಸಿಕ್ಕೀತು.